ಅಂಗವೈಕಲ್ಯವುಳ್ಳ ಮಕ್ಕಳಿಗೆ ಕುದುರೆ ಸವಾರಿ: ಸುತ್ತು ಹಾಕಿಸುವುದನ್ನು ಬಿಟ್ಟು ಪಾಠ ಮಾಡುವುದು ಹೇಗೆ?

ಪ್ರಶ್ನೆ — ವಿಶೇಷ ಶಿಕ್ಷಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಅಂಗವೈಕಲ್ಯವುಳ್ಳ ಮಕ್ಕಳ ಶಾಲೆಯೊಂದರಲ್ಲಿ ನಾನು ವಿಶೇಷ ಶಿಕ್ಷಕಿಯಾಗಿದ್ದೇನೆ. ಊರ ಹೊರವಲಯದ ಸವಾರಿ ಶಾಲೆಯವರು ವಾರಕ್ಕೊಮ್ಮೆ ನಮ್ಮ ಮಕ್ಕಳನ್ನು ಕರೆತರಲು ಒಪ್ಪಿದ್ದಾರೆ. ಅಲ್ಲಿನ ತರಬೇತುದಾರರು ಕುದುರೆಯನ್ನು ಚೆನ್ನಾಗಿ ಬಲ್ಲವರು, ಆದರೆ ಇಂಥ ಮಕ್ಕಳಿಗೆ ಕಲಿಸಿ ಅಭ್ಯಾಸವಿಲ್ಲ. ನನಗೆ ಮಕ್ಕಳ ಪರಿಚಯವಿದೆ, ಕುದುರೆಯ ಪರಿಚಯ ಈಗಷ್ಟೇ ಆಗುತ್ತಿದೆ.

ಸದ್ಯಕ್ಕೆ ನಡೆಯುತ್ತಿರುವುದು ಇಷ್ಟು: ಮಗುವನ್ನು ಎತ್ತಿ ಜೀನಿನ ಮೇಲೆ ಕೂರಿಸುತ್ತೇವೆ, ಸೈಸ್ (ಕುದುರೆ ನೋಡಿಕೊಳ್ಳುವವರು) ಹಗ್ಗ ಹಿಡಿದು ಅಂಗಳದಲ್ಲಿ ಒಂದೆರಡು ಸುತ್ತು ನಡೆಸುತ್ತಾರೆ, ಬಳಿಕ ಇಳಿಸಿ ಮುಂದಿನ ಮಗುವನ್ನು ಹತ್ತಿಸುತ್ತೇವೆ. ಮಕ್ಕಳು ನಗುತ್ತಾರೆ, ಪೋಷಕರು ಫೋಟೊ ತೆಗೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಇದು ಜಾತ್ರೆಯಲ್ಲಿ ದುಡ್ಡು ಕೊಟ್ಟು ಕುದುರೆ ಹತ್ತಿಸಿದಂತೆ ಆಗುತ್ತಿದೆಯೇ ಹೊರತು, ಮಗು ಏನನ್ನಾದರೂ ಕಲಿಯುತ್ತಿದೆ ಎಂದು ನಾನು ಹೇಳಲಾರೆ. ತರಗತಿಯಲ್ಲಿ ಪ್ರತಿ ಮಗುವಿಗೂ ಪ್ರತ್ಯೇಕ ಕಲಿಕಾ ಯೋಜನೆ ಬರೆಯುತ್ತೇವೆ. ಅದೇ ಮಗು ಕುದುರೆ ಹತ್ತಿದೊಡನೆ ಯೋಜನೆಯೆಂಬುದೇ ಇಲ್ಲವಾಗುವುದು ನನಗೆ ಸರಿಕಾಣುತ್ತಿಲ್ಲ.

ನಾಲ್ವರು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ಒಬ್ಬಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಎರಡೂ ಕಾಲುಗಳಲ್ಲಿ ಬಿಗಿತ, ವಾಕರ್ ಹಿಡಿದು ನಡೆಯುತ್ತಾಳೆ, ಮಾತು ಸ್ಪಷ್ಟ. ಇನ್ನೊಬ್ಬ ಆಟಿಸಂ ಇರುವ, ಮಾತನಾಡದ ಹುಡುಗ. ಚಿತ್ರದ ಕಾರ್ಡುಗಳ ಮೂಲಕ ತನಗೆ ಬೇಕಾದ್ದನ್ನು ತಿಳಿಸುತ್ತಾನೆ. ಮೂರನೆಯವಳಿಗೆ ಡೌನ್ ಸಿಂಡ್ರೋಮ್. ಬಹಳ ಉತ್ಸಾಹಿ, ಕುದುರೆ ಓಡಲಿ ಎಂದೇ ಅವಳ ಹಟ. ನಾಲ್ಕನೆಯವನಿಗೆ ದೃಷ್ಟಿ ಬಹಳ ಕಡಿಮೆ, ಉಳಿದಂತೆ ಯಾವ ತೊಂದರೆಯೂ ಇಲ್ಲ.

ಇವರಿಗೆ ಪಾಠವನ್ನು ಎಲ್ಲಿಂದ ಆರಂಭಿಸಬೇಕು, ಯಾರನ್ನು ಹತ್ತಿಸಲೇಬಾರದು, ಜೊತೆಗೆ ನಡೆಯುವ ಸಹಾಯಕರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 — ಸವಾರಿ ಶಿಕ್ಷಕಿ, ಮಿಷಿಗನ್ (ಮೂಲತಃ ಶಿವಮೊಗ್ಗದವಳು)

ನಮಸ್ಕಾರ ಮೇಡಂ. ಸುತ್ತು ಹಾಕಿಸುವುದು ಪಾಠವಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಈ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದೇ ಹೆಸರಿನಡಿ ಬೆರೆತುಹೋಗುವುದರಿಂದ ಮೊದಲು ಅವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಭೌತಚಿಕಿತ್ಸಕರೋ ವಾಕ್ ಚಿಕಿತ್ಸಕರೋ ತಮ್ಮ ಚಿಕಿತ್ಸೆಯ ಅಂಗವಾಗಿ ಕುದುರೆಯ ಚಲನೆಯನ್ನು ಬಳಸಿಕೊಳ್ಳುವುದು ಒಂದು. ಅದನ್ನು ಹಿಪ್ಪೋಥೆರಪಿ ಎನ್ನುತ್ತಾರೆ, ಅಲ್ಲಿ ಮಗು ಕುದುರೆಯನ್ನು ತಾನೇ ನಡೆಸಬೇಕೆಂಬ ಅಪೇಕ್ಷೆ ಇರುವುದಿಲ್ಲ. ಮಗುವಿನ ಸಾಮರ್ಥ್ಯಕ್ಕೆ ತಕ್ಕಂತೆ ಹೊಂದಿಸಿದ ಸವಾರಿ ಪಾಠ ಇನ್ನೊಂದು. ಅಲ್ಲಿ ಮಗು ವಿದ್ಯಾರ್ಥಿ, ಕಲಿಯಬೇಕಾದ ವಿದ್ಯೆ ಸವಾರಿ. ಸಮತೋಲನ, ಗಮನ, ಮಾತು ಇವೆಲ್ಲ ಆ ಕಲಿಕೆಯ ಜೊತೆಗೆ ಬರಬಹುದಾದ ಲಾಭಗಳು. ನೀವು ಮಾಡಹೊರಟಿರುವುದು ಎರಡನೆಯದು. ಬ್ರಿಟನ್ನಿನಲ್ಲಿ 1969ರಲ್ಲಿ ಆರಂಭವಾದ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಮತ್ತು ಅದೇ ವರ್ಷ ಉತ್ತರ ಅಮೆರಿಕದಲ್ಲಿ ಹುಟ್ಟಿ ಈಗ ಪಾತ್ ಇಂಟರ್‌ನ್ಯಾಷನಲ್ ಎಂದು ಕರೆಯಲಾಗುವ ಸಂಸ್ಥೆ, ಇವೆರಡರ ಕೆಲಸದ ತಿರುಳೂ ಇದೇ.

ಇವೆರಡಕ್ಕೂ ಮುಂಚಿನ ಒಂದು ನಿದರ್ಶನವನ್ನು ಹೊಸ ಸ್ವಯಂಸೇವಕರಿಗೆಲ್ಲ ನಾನು ತಪ್ಪದೆ ಹೇಳುತ್ತೇನೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ ಪೋಲಿಯೊ ತಗುಲಿ ಮೊಣಕಾಲಿನಿಂದ ಕೆಳಗೆ ಸ್ವಾಧೀನ ತಪ್ಪಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರಿಗೆ ಕುದುರೆ ಹತ್ತಲು ಮತ್ತು ಇಳಿಯಲು ಇತರರ ನೆರವು ಬೇಕಾಗಿತ್ತು. ಆದರೂ ಕುದುರೆಯಿಂದ ನಿಗದಿತ ಚಲನೆಗಳನ್ನು ಮಾಡಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಪುರುಷರ ಸಮಕ್ಕೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದರು, 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಪಡೆದರು. ಹತ್ತಿಸಲು ನೆರವು ಬೇಕೆಂಬುದಕ್ಕೂ ಸವಾರಿ ಬರುವುದಿಲ್ಲವೆಂಬುದಕ್ಕೂ ಸಂಬಂಧವಿಲ್ಲ ಎಂಬುದು ಸಹಾಯಕರ ತಲೆಯಲ್ಲಿ ಕೂತರೆ ಅವರ ಕೈಗಳು ತಾವಾಗಿಯೇ ಸ್ವಲ್ಪ ಹಿಂದೆ ಸರಿಯುತ್ತವೆ.

ಇನ್ನು ತಂಡದ ವಿಷಯ. ಪೂರ್ಣ ನೆರವು ಬೇಕಾದ ಮಗುವಿಗೆ ಕುದುರೆ ನಡೆಸುವವರು ಒಬ್ಬರು, ಎರಡೂ ಪಕ್ಕದಲ್ಲಿ ನಡೆಯುವ ಸಹಾಯಕರು ಇಬ್ಬರು, ಶಿಕ್ಷಕರು ಒಬ್ಬರು. ನಡೆಸುವವರ ಗಮನವೆಲ್ಲ ಕುದುರೆಯ ಮೇಲಿರಬೇಕು. ಅವರು ಕುದುರೆಯ ಮುಂದೆ ನಿಂತು ಎಳೆಯಬಾರದು, ಅದರ ಕತ್ತಿನ ಪಕ್ಕದಲ್ಲಿ ನಡೆಯಬೇಕು, ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು. ಪಕ್ಕದ ಸಹಾಯಕರ ಗಮನವೆಲ್ಲ ಮಗುವಿನ ಮೇಲೆ. ಅವರು ಮಗುವಿನ ಮೊಣಕಾಲಿನ ನೇರಕ್ಕೆ ನಡೆಯುತ್ತ, ಅಗತ್ಯವಿದ್ದರೆ ತಮ್ಮ ಮುಂಗೈಯನ್ನು ಮಗುವಿನ ತೊಡೆಯ ಮೇಲೆ ಹಗುರವಾಗಿ ಇಟ್ಟು ಜೀನಿನ ಮುಂಭಾಗವನ್ನು ಹಿಡಿದುಕೊಳ್ಳುತ್ತಾರೆ. ಮಗುವಿನ ಸೊಂಟವನ್ನೋ ಬಟ್ಟೆಯನ್ನೋ ಹಿಡಿದು ಮೇಲೆತ್ತುತ್ತಿದ್ದರೆ ಮಗುವಿನ ಮೈ ತಾನಾಗಿ ಸಮತೋಲನ ಹುಡುಕುವ ಅವಕಾಶವೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಮಾತನಾಡುವವರು ಶಿಕ್ಷಕರೊಬ್ಬರೇ. ಎಡಗಡೆಯವರು ‘ಬೆನ್ನು ನೇರ’ ಎನ್ನುವುದು, ಬಲಗಡೆಯವರು ‘ಅಮ್ಮನ ಕಡೆ ನೋಡು’ ಎನ್ನುವುದು, ಸೈಸ್ ಕುದುರೆಗೆ ಏನೋ ಹೇಳುವುದು, ಇವೆಲ್ಲ ಒಟ್ಟಿಗೆ ನಡೆದರೆ ಯಾರ ಮಾತನ್ನು ಕೇಳಬೇಕೆಂದು ಮಗುವಿಗೆ ತಿಳಿಯುವುದೇ ಇಲ್ಲ.

ಯೋಜನೆ ಬರೆಯುವುದು ನಿಮಗೆ ಹೊಸದಲ್ಲ. ತರಗತಿಯಲ್ಲಿ ಬರೆಯುವಂತೆಯೇ ಇಲ್ಲಿಯೂ ಬರೆಯಿರಿ. ‘ಸಮತೋಲನ ಸುಧಾರಿಸುವುದು’ ಎಂದು ಬರೆದರೆ ಅದು ಗುರಿಯಾಗುವುದಿಲ್ಲ. ‘ಒಂದೇ ಮಾತಿನ ಸೂಚನೆಗೆ, ಐದರಲ್ಲಿ ನಾಲ್ಕು ಬಾರಿ, ಎರಡೂ ಕೈಗಳಿಂದ ಲಗಾಮು ಹಿಡಿದು ಕುದುರೆಯನ್ನು ಹಳದಿ ಕಂಬದ ಬಳಿ ನಿಲ್ಲಿಸುವುದು’ ಎಂದು ಬರೆದರೆ ಅದನ್ನು ಕಲಿಸಬಹುದು, ಅಳೆಯಬಹುದು, ಬಿಡಿಬಿಡಿ ಹಂತಗಳಾಗಿ ಒಡೆಯಬಹುದು. ಮೊದಲ ಪಾಠ ಕುದುರೆಯನ್ನು ಹೊರಡಿಸುವುದು ಮತ್ತು ನಿಲ್ಲಿಸುವುದು, ಅಷ್ಟೇ ಸಾಕು. ಎಷ್ಟೋ ಕಡೆ ಮಗುವನ್ನು ಕೂರಿಸಿದ ಕೂಡಲೇ ಸೈಸ್ ಕುದುರೆಯನ್ನು ಹೊರಡಿಸಿಬಿಡುತ್ತಾರೆ. ಅದನ್ನು ನಿಲ್ಲಿಸಿ; ಮಗು ಕೇಳುವವರೆಗೆ ಕುದುರೆ ಕದಲಬಾರದು.

ನಿಮ್ಮ ಮಾತನಾಡದ ವಿದ್ಯಾರ್ಥಿಗೆ ಇಡೀ ಪಾಠದ ಜೀವ ಇರುವುದೇ ಇಲ್ಲಿ. ‘ನಡೆ’ ಮತ್ತು ‘ನಿಲ್ಲು’ ಎಂಬ ಎರಡು ಚಿತ್ರಗಳನ್ನು ಜೀನಿನ ಮುಂದೆ ಕಟ್ಟಿ, ಅವನು ಮುಟ್ಟುವವರೆಗೆ ಕಾಯಿರಿ. ಸೂಚನೆ ಕೊಟ್ಟ ಬಳಿಕ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ, ನಡುವೆ ಸೂಚನೆಯನ್ನು ಪುನರಾವರ್ತಿಸಬೇಡಿ. ಕೇಳಿದ್ದನ್ನು ಅರಗಿಸಿಕೊಂಡು ಕೈಯನ್ನು ಎತ್ತಲು ಅವನಿಗೆ ಅಷ್ಟು ಹೊತ್ತು ಬೇಕಾಗಬಹುದು. ಅವನು ಮುಟ್ಟಿದ ತಕ್ಷಣ ಕುದುರೆ ಹೊರಡಬೇಕು, ಅಲ್ಲಿ ಮಾತ್ರ ಒಂದು ಕ್ಷಣವೂ ತಡವಾಗಬಾರದು. ತನ್ನ ಒಂದು ಸ್ಪರ್ಶಕ್ಕೆ ಅಷ್ಟು ದೊಡ್ಡ ಪ್ರಾಣಿ ಉತ್ತರ ಕೊಟ್ಟಿತೆಂಬುದು ಅವನಿಗೆ ತಿಳಿಯಬೇಕಾದದ್ದು. ಪಾಠದ ಕ್ರಮವನ್ನು ಪ್ರತಿ ವಾರವೂ ಒಂದೇ ರೀತಿ ಇಟ್ಟು, ಅದನ್ನು ಚಿತ್ರಗಳ ಸಾಲಿನಲ್ಲಿ ಮೊದಲೇ ತೋರಿಸಿ. ಕೊನೆಯ ಚಿತ್ರ ಕುದುರೆಯಿಂದ ಇಳಿಯುವುದಾಗಿರಲಿ, ಏಕೆಂದರೆ ಇಳಿಯುವ ಹೊತ್ತೇ ಇಂಥ ಮಕ್ಕಳಿಗೆ ಬಹಳ ಕಷ್ಟದ್ದು.

ಕಾಲು ಬಿಗಿಯುವ ಹುಡುಗಿಯನ್ನು ಹತ್ತಿಸುವಾಗ ಅವಸರ ಮಾಡಬೇಡಿ. ಹತ್ತುವ ಕಟ್ಟೆ ಜೀನಿನ ಎತ್ತರಕ್ಕೆ ಹತ್ತಿರವಿರಬೇಕು. ಕಾಲನ್ನು ಬಲವಂತವಾಗಿ ಅಗಲಿಸಿ ಇಳಿಬಿಡಲು ಹೋದರೆ ಬಿಗಿತ ಹೆಚ್ಚುತ್ತದೆ. ರಿಕಾಪು (ಪಾದ ಇಡುವ ಬಳೆ) ಹಾಕದೆ, ಮೊದಲ ಕೆಲವು ನಿಮಿಷ ನೇರ ದಾರಿಯಲ್ಲಿ ನಿಧಾನವಾಗಿ ನಡೆಸಿದರೆ ಕುದುರೆಯ ಮೈಯ ಬಿಸಿ ಮತ್ತು ಒಂದೇ ಲಯದ ಹೆಜ್ಜೆಗಳಿಂದ ಕಾಲು ತಾನಾಗಿ ಸಡಿಲವಾಗುತ್ತ ಬರುವುದನ್ನು ಕಾಣಬಹುದು. ಲಗಾಮು ಕೊಡುವಾಗ ಎಡಕ್ಕೂ ಬಲಕ್ಕೂ ಹಿಡಿಯಬೇಕಾದ ಜಾಗಗಳಲ್ಲಿ ಬಣ್ಣದ ಪಟ್ಟಿ ಸುತ್ತಿರಿ. ‘ಎರಡೂ ಕೈ ಕೆಂಪಿನ ಮೇಲೆ’ ಎಂದರೆ ಯಾವ ಮಗುವಿಗಾದರೂ ಅರ್ಥವಾಗುತ್ತದೆ. ಆರಂಭಿಕರ ಲಗಾಮನ್ನು ಬಾಯೊಳಗಿನ ಕಡಿವಾಣಕ್ಕೆ ಕಟ್ಟದೆ, ತಲೆಗೆ ಮಾತ್ರ ತೊಡಿಸುವ ಹಾಲ್ಟರಿಗೆ ಕಟ್ಟಿರಿ. ಸಮತೋಲನ ತಪ್ಪಿದ ಮಗು ಲಗಾಮನ್ನೇ ಆಧಾರವಾಗಿ ಎಳೆದಾಗ ಕುದುರೆಯ ಬಾಯಿಗೆ ನೋವಾಗಬಾರದು.

ಓಡಬೇಕೆನ್ನುವ ನಿಮ್ಮ ಉತ್ಸಾಹಿ ವಿದ್ಯಾರ್ಥಿನಿಗೆ, ವೈದ್ಯರು ಒಪ್ಪಿದ ನಂತರ, ನಡಿಗೆಯಲ್ಲಿಯೇ ಸಾಕಷ್ಟು ಕೆಲಸ ಕೊಡಬಹುದು. ಕಂಬಗಳ ನಡುವೆ ಹಾವಿನಂತೆ ಸಾಗುವುದು, ಬಳೆಯನ್ನು ಒಂದು ಕಂಬದಿಂದ ತೆಗೆದು ಇನ್ನೊಂದಕ್ಕೆ ಹಾಕುವುದು, ನಡಿಗೆಯನ್ನು ಚುರುಕುಗೊಳಿಸಿ ಮತ್ತೆ ನಿಧಾನಿಸುವುದು. ನಡಿಗೆಯೆಂದರೆ ಕೀಳು, ಓಟವೆಂದರೆ ಮೇಲು ಎಂಬ ಭಾವನೆ ಪೋಷಕರಲ್ಲಿ ಸಾಮಾನ್ಯ. 1996ರ ಅಟ್ಲಾಂಟಾ ಕೂಟದಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಡ್ರೆಸಾಜ್‌ನ ಈಗಿನ ಐದು ವರ್ಗಗಳಲ್ಲಿ ಮೊದಲನೆಯದನ್ನು ಪೂರ್ತಿಯಾಗಿ ನಡಿಗೆಯಲ್ಲಿಯೇ ಆಡಲಾಗುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಪದಕ ಗೆಲ್ಲಲು ಸಾಕಾದ ನಡಿಗೆ ನಮ್ಮ ಅಂಗಳಕ್ಕೆ ಸಾಲದೆಂದು ಯಾರೂ ಹೇಳಲಾರರು.

ಉತ್ತರ 2 — ಭೌತಚಿಕಿತ್ಸಕ, ಮಂಗಳೂರು

ಮೇಲಿನವರು ಪಾಠದ ಬಗ್ಗೆ ವಿವರವಾಗಿ ಬರೆದಿದ್ದಾರೆ. ನನ್ನ ಮಾತು ಅದಕ್ಕೂ ಮೊದಲಿನ ಹಂತದ ಬಗ್ಗೆ. ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ನಿಮ್ಮ ನಾಲ್ವರಲ್ಲಿ ಯಾರನ್ನೂ ಮುಂದಿನ ವಾರ ಹತ್ತಿಸಬೇಡಿ.

ಡೌನ್ ಸಿಂಡ್ರೋಮ್ ಇರುವ ಹುಡುಗಿಯ ವಿಷಯ ಇದರಲ್ಲಿ ಅತ್ಯಂತ ತುರ್ತಿನದು. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೊದಲ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಹೊರನೋಟಕ್ಕೆ ಏನೂ ಕಾಣದಿದ್ದರೂ ಕುದುರೆಯ ಕುಲುಕಾಟದಲ್ಲಿ ಮಿದುಳುಬಳ್ಳಿಗೆ ಪೆಟ್ಟಾಗುವ ಅಪಾಯವಿದೆ. ಪಾತ್ ಇಂಟರ್‌ನ್ಯಾಷನಲ್‌ನ ಮಾನದಂಡದಲ್ಲಿ ಇಂಥ ಸವಾರರಿಗೆ ವರ್ಷಕ್ಕೊಮ್ಮೆ ವೈದ್ಯರಿಂದ ನರಸಂಬಂಧಿ ತಪಾಸಣೆ ಕಡ್ಡಾಯ. ಅದರ ನಡುವೆಯೂ ಕತ್ತು ನೋವು, ತಲೆ ಒಂದು ಕಡೆ ವಾಲುವುದು, ನಡಿಗೆ ಬದಲಾಗುವುದು, ಕೈಯ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದೊಂದು ಕಂಡರೂ ಸವಾರಿ ಅಂದೇ ನಿಲ್ಲಬೇಕು. ಇದನ್ನು ತಾಯಿ ತಂದೆಗೆ ಕೂರಿಸಿಕೊಂಡು ಹೇಳಿ, ಏಕೆಂದರೆ ಈ ಬದಲಾವಣೆಗಳನ್ನು ಮೊದಲು ಗಮನಿಸುವವರು ಅವರೇ.

ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ಸೊಂಟದ ಕೀಲಿನ ಎಕ್ಸ್‌ರೇ ನೋಡಿ. ತೊಡೆಯ ಒಳಭಾಗದ ಸ್ನಾಯುಗಳು ಸದಾ ಬಿಗಿದಿರುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ಕೀಲಿನಿಂದ ಮೆಲ್ಲಗೆ ಜಾರುತ್ತಿರಬಹುದು. ಅಂಥ ಕೀಲನ್ನು ಅಗಲವಾದ ಕುದುರೆಯ ಮೇಲೆ ಅಗಲಿಸುವುದು ಅಪಾಯ. ಬೆನ್ನುಮೂಳೆಯ ಬಾಗು, ಇತ್ತೀಚಿನ ಶಸ್ತ್ರಚಿಕಿತ್ಸೆ, ಹತೋಟಿಗೆ ಬಾರದ ಮೂರ್ಛೆ, ಮೂಳೆಗಳ ದುರ್ಬಲತೆ, ಕೂರುವ ಜಾಗದಲ್ಲಿ ಹುಣ್ಣು, ಹೆಲ್ಮೆಟ್ಟಿನ ಭಾರವನ್ನು ಹೊರಲಾರದ ಕತ್ತು, ಇವನ್ನೆಲ್ಲ ಅರ್ಜಿಯಲ್ಲಿ ಒಂದೊಂದಾಗಿ ಕೇಳಬೇಕು. ಸ್ಪರ್ಶಜ್ಞಾನವಿಲ್ಲದ ಮಕ್ಕಳು ಮುಂದೆ ಬಂದರೆ ಪ್ರತಿ ಸವಾರಿಯ ನಂತರ ಚರ್ಮ ಕೆಂಪಾಗಿದೆಯೇ ಎಂದು ನೋಡುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ.

ಒಂದು ಅಂಶದಲ್ಲಿ ಮಾತ್ರ ಮೇಲಿನವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇದು ಪಾಠ, ಚಿಕಿತ್ಸೆಯಲ್ಲ ಎಂದು ಹೇಳುವುದು ಸರಿ. ಆದರೆ ಕುದುರೆ ಹೆಜ್ಜೆಯಿಟ್ಟ ಕ್ಷಣದಿಂದಲೇ ಅದು ಮಗುವಿನ ದೇಹದ ಮೇಲೆ ಕೆಲಸ ಮಾಡಲಾರಂಭಿಸುತ್ತದೆ, ನಾವು ಅದಕ್ಕೆ ಯಾವ ಹೆಸರಿಟ್ಟರೂ. ನಿಮಿಷಕ್ಕೆ ಸುಮಾರು 100 ಹೆಜ್ಜೆಗಳಲ್ಲಿ ಪ್ರತಿಯೊಂದೂ ಮಗುವಿನ ಸೊಂಟವನ್ನು ಹಿಂದೆ ಮುಂದೆ, ಪಕ್ಕಕ್ಕೆ ಮತ್ತು ಸುತ್ತುವಂತೆ ಅಲುಗಿಸುತ್ತದೆ. ಮನುಷ್ಯ ತಾನೇ ನಡೆಯುವಾಗ ಸೊಂಟ ಅಲುಗುವ ರೀತಿಗೆ ಅದು ಬಹಳ ಹತ್ತಿರದ್ದು. ಹೊರಡುವುದು ಮತ್ತು ನಿಲ್ಲುವುದು ಮುಂಡದ ಹಿಂದುಮುಂದಿನ ಹತೋಟಿಗೆ ಸವಾಲಾದರೆ, ವೃತ್ತದಲ್ಲಿ ತಿರುಗುವುದು ಪಕ್ಕದ ಹತೋಟಿಗೆ ಸವಾಲು. ತಿರುವು ಚಿಕ್ಕದಾದಷ್ಟೂ ಸವಾಲು ದೊಡ್ಡದು. ಆದ್ದರಿಂದ ನಿಮ್ಮ ಪಾಠದ ಯೋಜನೆಯನ್ನು ಆ ಮಗುವನ್ನು ಬಲ್ಲ ಭೌತಚಿಕಿತ್ಸಕರು ಒಮ್ಮೆ ಓದಬೇಕು, ಮೊದಲ ಪಾಠಗಳನ್ನು ಕುದುರೆಯ ಹಿಂದಿನಿಂದ ನಿಂತು ನೋಡಬೇಕು. ಮಗು ಒಂದೇ ಕಡೆಗೆ ಜಾರುತ್ತಿದೆಯೇ, ತಲೆ ನಡುಗೆರೆಯಲ್ಲಿದೆಯೇ ಎಂಬುದು ಹಿಂದಿನಿಂದಲೇ ಚೆನ್ನಾಗಿ ಕಾಣುತ್ತದೆ. ಮುಂಡ ಕುಸಿಯತೊಡಗಿತೆಂದರೆ ದಣಿವಾಗಿದೆ ಎಂದರ್ಥ. ಗಡಿಯಾರದಲ್ಲಿ ಸಮಯ ಉಳಿದಿದೆಯೆಂದು ಮುಂದುವರಿಸಬಾರದು.

ಉತ್ತರ 3 — ನಿವೃತ್ತ ಅಶ್ವಾರೋಹಿ, ಮೈಸೂರು

ಎಲ್ಲರೂ ಮಗುವಿನ ಬಗ್ಗೆ ಬರೆದಿದ್ದೀರಿ. ಕುದುರೆಯ ಪರವಾಗಿ ನಾನು ನಾಲ್ಕು ಮಾತು ಹೇಳುತ್ತೇನೆ. ನಮ್ಮ ಊರಿನಲ್ಲಿ ದಸರಾಗೆ ಮುಂಚೆ ಕುದುರೆಗಳನ್ನು ಫಿರಂಗಿಯ ಸದ್ದಿಗೆ ಒಗ್ಗಿಸುವುದನ್ನು ನೀವೂ ಕಂಡಿರುತ್ತೀರಿ. ಫಿರಂಗಿಗೆ ಬೆದರದ ಕುದುರೆ ಮಕ್ಕಳ ಕೆಲಸಕ್ಕೆ ಸರಿಹೋಗುತ್ತದೆ ಎಂದು ಭಾವಿಸುವವರಿದ್ದಾರೆ, ಆದರೆ ಅದು ಬೇರೆಯದೇ ಶಿಕ್ಷಣ. ಗಾಲಿಕುರ್ಚಿ ಪಕ್ಕದಲ್ಲಿ ಉರುಳಿ ಬರುವುದು, ಊರುಗೋಲು ಹೊಟ್ಟೆಗೆ ತಾಗುವುದು, ಮಗು ಹಠಾತ್ತನೆ ಕಿರುಚುವುದು, ಕತ್ತನ್ನು ತಬ್ಬಿ ಕೇಸರ ಜಗ್ಗುವುದು, ಎರಡೂ ಪಕ್ಕದಲ್ಲಿ ಜನ ಒತ್ತಿಕೊಂಡು ನಡೆಯುವುದು, ಇವೆಲ್ಲವನ್ನೂ ಮೊದಲು ದೊಡ್ಡವರೇ ನಟಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ರೂಢಿ ಮಾಡಿಸಬೇಕು. ಹತ್ತುವ ಕಟ್ಟೆಯ ಬಳಿ ಅಲ್ಲಾಡದೆ ನಿಲ್ಲುವುದು ಕಲಿಯದ ಕುದುರೆಯನ್ನು ಈ ಕೆಲಸಕ್ಕೆ ತರಲೇಬಾರದು. ಅವಘಡಗಳಿಗೆ ಹೆಚ್ಚು ಅವಕಾಶ ಇರುವುದು ಹತ್ತುವ ಮತ್ತು ಇಳಿಯುವ ಹೊತ್ತಿನಲ್ಲಿ.

ನಮ್ಮ ಕಡೆಯ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ಕುದುರೆಗಳು ಸಾಮಾನ್ಯ. ಅವು ಒಳ್ಳೆಯ ಪ್ರಾಣಿಗಳೇ, ಆದರೆ ಎತ್ತರ ಹೆಚ್ಚು, ಚರ್ಮ ಸೂಕ್ಷ್ಮ, ಕಾಲಿನ ಒತ್ತಡಕ್ಕೆ ಮುನ್ನುಗ್ಗಲು ಕಲಿತಂಥವು. ಬಿಗಿತವಿರುವ ಮಗುವಿನ ಕಾಲು ಅದರ ಇಚ್ಛೆಯಿಲ್ಲದೆಯೇ ಕುದುರೆಯ ಪಕ್ಕೆಯನ್ನು ಅದುಮುತ್ತದೆ. ಆ ಒತ್ತಡವನ್ನು ಕುದುರೆ ‘ಹೊರಡು’ ಎಂದು ಓದಿಕೊಂಡರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಹದಿಮೂರು ಹದಿನಾಲ್ಕು ಕೈ (ಕುದುರೆಯ ಅಳತೆಯಲ್ಲಿ ಒಂದು ಕೈ ಎಂದರೆ ನಾಲ್ಕು ಅಂಗುಲ) ಎತ್ತರದ, ನಡುವಯಸ್ಸು ದಾಟಿದ, ಹೆಜ್ಜೆ ಸಮವಾಗಿರುವ, ಕುಂಟದ ಕುದುರೆಯನ್ನು ಹುಡುಕಿ. ಎತ್ತರ ಹೆಚ್ಚಾದರೆ ಪಕ್ಕದಲ್ಲಿ ನಡೆಯುವವರ ಕೈ ಮಗುವಿನವರೆಗೆ ತಲುಪದು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು. 350 ಕಿಲೊ ತೂಗುವ ತಟ್ಟುವಿನ ಮೇಲೆ ಒಟ್ಟು 70 ಕಿಲೊ.

ಸಹಾಯಕರು ದಣಿದಾಗ ಕುದುರೆಗೆ ಒರಗುತ್ತಾರೆ, ಮೊಣಕೈಯಿಂದ ಪಕ್ಕೆಯನ್ನು ಚುಚ್ಚುತ್ತಾರೆ. ಕುದುರೆ ಕಿವಿ ಹಿಂದಕ್ಕೆ ಮಾಡುತ್ತದೆ, ಬಾಲ ಬೀಸುತ್ತದೆ, ಅದನ್ನು ಯಾರೂ ನೋಡುವುದಿಲ್ಲ, ಕೊನೆಗೆ ಕಚ್ಚಿದಾಗ ಕುದುರೆಯೇ ಕೆಟ್ಟದ್ದೆನ್ನುತ್ತಾರೆ. ಮಗು ಮೇಲಿರುವಾಗ ಕುದುರೆಗೆ ತಿಂಡಿ ತಿನ್ನಿಸಬಾರದು. ನೊಣದ ಕಾಲದಲ್ಲಿ ಕುದುರೆ ಕಾಲು ಝಾಡಿಸಿದರೆ ಸಮತೋಲನವಿಲ್ಲದ ಮಗು ಬೆಚ್ಚುತ್ತದೆ, ಆದ್ದರಿಂದ ಬೆಳಗಿನ ತಂಪು ಹೊತ್ತೇ ಒಳ್ಳೆಯದು. ಪಶುವೈದ್ಯರಿಂದ ಗ್ಲಾಂಡರ್ಸ್ (ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲ ಸೋಂಕು) ಪರೀಕ್ಷೆ ಆಗಿದೆಯೇ ಎಂದು ಕೇಳಿ, ಮಕ್ಕಳಿಗೂ ಸಹಾಯಕರಿಗೂ ಧನುರ್ವಾಯು ಚುಚ್ಚುಮದ್ದು ಆಗಿರಲಿ.

ಉತ್ತರ 4 — ಪೋಷಕ, ಬೆಂಗಳೂರು

ನನ್ನ ಮಗನಿಗೆ ಆಟಿಸಂ ಇದೆ, ಅವನು ಸವಾರಿ ಕಲಿಯುತ್ತಿದ್ದಾನೆ. ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಪೋಷಕರಿಗೆ ಸಿಗುವುದಕ್ಕಿಂತ ಹೆಚ್ಚನ್ನು ಮಾತಿನಲ್ಲಿ ಕೊಡಬೇಡಿ. ಕುದುರೆಯಿಂದ ಆಟಿಸಂ ವಾಸಿಯಾಗುತ್ತದೆ ಎಂಬಂಥ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ನಮಗೆ ದಿನವೂ ಬರುತ್ತವೆ. ಅಮೆರಿಕದಲ್ಲಿ 6ರಿಂದ 16 ವರ್ಷದೊಳಗಿನ ಆಟಿಸಂ ಇರುವ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ 10 ವಾರ ಸವಾರಿ ಪಾಠ, ಇನ್ನೊಂದು ಗುಂಪಿಗೆ ಕುದುರೆಯ ಸಂಪರ್ಕವೇ ಇಲ್ಲದೆ ಲಾಯದಲ್ಲಿ ಕುದುರೆಯ ಬಗ್ಗೆ ಪಾಠ ನೀಡಲಾಗಿತ್ತು. ಸವಾರಿ ಮಾಡಿದವರಲ್ಲಿ ಸಿಡಿಮಿಡಿ ಮತ್ತು ಅತಿಚಟುವಟಿಕೆ ಹೆಚ್ಚು ಇಳಿಯಿತು, ಬಳಸುವ ಪದಗಳು ಹೆಚ್ಚಿದವು. ಆ ಲಾಭ ನಿಜವಾದದ್ದೇ, ಸಣ್ಣದೂ ಅಲ್ಲ. ಆದರೆ ಅದನ್ನು ವಾಸಿಯಾಗುವುದು ಎನ್ನಲಾಗದು. ಇಷ್ಟನ್ನು ಪ್ರಾಮಾಣಿಕವಾಗಿ ಹೇಳುವ ಶಿಕ್ಷಕರ ಬಳಿ ನಾನು ಮಗನನ್ನು ನಿಶ್ಚಿಂತೆಯಿಂದ ಬಿಡುತ್ತೇನೆ.

ಹೆಲ್ಮೆಟ್ಟಿನ ಬಗ್ಗೆಯೂ ಒಂದು ಮಾತು. ಅದರ ಬಿಗಿ ಮತ್ತು ಗದ್ದದ ಪಟ್ಟಿಯ ಸ್ಪರ್ಶ ಎಷ್ಟೋ ಮಕ್ಕಳಿಗೆ ಸಹಿಸಲಾಗದು. ಕುದುರೆಯ ಮುಂದೆ ಅದನ್ನು ಮೊದಲ ಬಾರಿಗೆ ಹಾಕಲು ಹೋದರೆ ಆ ದಿನದ ಪಾಠ ಮುಗಿದಂತೆಯೇ. ಹೆಲ್ಮೆಟ್ಟನ್ನು ಮನೆಗೆ ಕಳುಹಿಸಿ, ಊಟದ ಮೊದಲು ಒಂದು ನಿಮಿಷ, ಮರುವಾರ ಇನ್ನೂ ಸ್ವಲ್ಪ ಹೊತ್ತು ಎಂಬಂತೆ ಅಭ್ಯಾಸವಾಗಲಿ. ಮಗು ಹತ್ತಲು ಒಲ್ಲೆ ಎಂದರೆ ಎತ್ತಿ ಕೂರಿಸಬೇಡಿ. ಕುದುರೆಯ ಮೈ ಉಜ್ಜುವುದು, ನೀರು ತುಂಬುವುದು, ದೊಡ್ಡವರ ಜೊತೆಗೆ ಹಗ್ಗ ಹಿಡಿದು ನಡೆಸುವುದು ಇವೂ ಪಾಠವೇ.

ಪ್ರಶ್ನೆ ಕೇಳಿದವರಿಂದ — ವಿಶೇಷ ಶಿಕ್ಷಕಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರ ಒಪ್ಪಿಗೆ ಪತ್ರದ ನಮೂನೆಯನ್ನು ಈ ವಾರವೇ ಸಿದ್ಧಪಡಿಸುತ್ತೇವೆ. ಅದು ಕೈಗೆ ಬರುವವರೆಗೆ ನೆಲದ ಮೇಲಿನ ಕೆಲಸಗಳನ್ನು ಮಾತ್ರ ಮಾಡಿಸುತ್ತೇವೆ. ಇನ್ನೆರಡು ಸಂಗತಿಗಳು ಉಳಿದಿವೆ. ದೃಷ್ಟಿ ಕಡಿಮೆ ಇರುವ ಹುಡುಗ ತಾನೊಬ್ಬನೇ ಸವಾರಿ ಮಾಡಬೇಕೆಂದು ಕೇಳುತ್ತಿದ್ದಾನೆ; ಅವನಿಗೆ ದಿಕ್ಕು ತಿಳಿಸುವುದು ಹೇಗೆ, ಸಹಾಯಕರನ್ನು ಯಾವಾಗ ಹಿಂದೆ ಸರಿಸಬಹುದು? ನಮ್ಮಲ್ಲಿ ಸಹಾಯಕರ ಕೊರತೆಯೂ ಇದೆ. ಇಬ್ಬರ ಬದಲು ಒಬ್ಬರನ್ನೇ ಇಟ್ಟುಕೊಂಡು ಎರಡು ಕುದುರೆಗಳನ್ನು ಏಕಕಾಲಕ್ಕೆ ನಡೆಸಬಹುದೇ?

ಉತ್ತರ 5 — ಸವಾರಿ ಶಿಕ್ಷಕಿ, ಮಿಷಿಗನ್

ಮೊದಲು ಕೊರತೆಯ ವಿಷಯ. ಸಹಾಯಕರು ಕಡಿಮೆಯಿದ್ದರೆ ಕುದುರೆಗಳನ್ನು ಕಡಿಮೆ ಮಾಡಿ, ಮಗುವಿಗೆ ಬೇಕಾದ ಕೈಗಳನ್ನು ಕಡಿಮೆ ಮಾಡಬೇಡಿ. ಒಂದು ಮಗು ಸವಾರಿಯಲ್ಲಿರುವಾಗ ಉಳಿದವರು ಬೇಲಿಯ ಹೊರಗೆ ಕುದುರೆಯ ಸಾಮಾನುಗಳನ್ನು ಹೊಂದಿಸುತ್ತ, ಲಗಾಮಿನ ಹಿಡಿತವನ್ನು ಹಗ್ಗದಲ್ಲಿ ಅಭ್ಯಾಸ ಮಾಡುತ್ತ ಇರಲಿ. ಕಾಲೇಜಿನ ಭೌತಚಿಕಿತ್ಸೆ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಆದರೆ ಅವರನ್ನು ಮಗುವಿನ ಪಕ್ಕಕ್ಕೆ ಕಳುಹಿಸುವ ಮೊದಲು ತುರ್ತಾಗಿ ಇಳಿಸುವ ಕ್ರಮವನ್ನು ದೊಡ್ಡವರೊಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ. ಶಿಕ್ಷಕರು ಹೇಳಿದೊಡನೆ ಪಾದಗಳನ್ನು ರಿಕಾಪಿನಿಂದ ಬಿಡಿಸಬೇಕು, ಎಡಗಡೆಯವರು ಮಗುವನ್ನು ತಮ್ಮತ್ತ ಎಳೆದುಕೊಂಡು ಕುದುರೆಯಿಂದ ದೂರ ಸರಿಯಬೇಕು, ಬಲಗಡೆಯವರು ಕಾಲನ್ನು ದಾಟಿಸಬೇಕು, ನಡೆಸುವವರು ಏನೇ ಆದರೂ ಕುದುರೆಯನ್ನು ಬಿಡಬಾರದು. ಮಗುವಿನ ನೆರವಿಗೆಂದು ನಡೆಸುವವರು ಹಗ್ಗ ಬಿಟ್ಟು ಓಡಿಬಂದರೆ ಒಂದು ಅಪಾಯ ಎರಡಾಗುತ್ತದೆ.

ನಿಮ್ಮ ಹುಡುಗನಿಗೆ ಹತ್ತುವ ಮೊದಲು ಕುದುರೆಯ ಇಡೀ ಮೈಯನ್ನು, ಜೀನನ್ನು, ರಿಕಾಪನ್ನು ಕೈಯಿಂದ ಮುಟ್ಟಿಸಿ, ನಂತರ ಅಂಗಳವನ್ನು ಬೇಲಿ ಹಿಡಿದು ನಡೆಸಿ. ಡ್ರೆಸಾಜ್ ಅಂಗಳದ ಅಂಚಿನಲ್ಲಿ ಗೊತ್ತಾದ ಜಾಗಗಳಿಗೆ ಒಂದೊಂದು ಅಕ್ಷರವಿರುತ್ತದೆ. ದೃಷ್ಟಿಯಿಲ್ಲದ ಸ್ಪರ್ಧಿಗಳಿಗಾಗಿ ಆಯಾ ಜಾಗದಲ್ಲಿ ಒಬ್ಬೊಬ್ಬರು ನಿಂತು ಅಕ್ಷರವನ್ನು ಕೂಗುವ ಪದ್ಧತಿಗೆ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ಅವಕಾಶವಿದೆ. ನೀವು ನಾಲ್ಕು ಮೂಲೆಗಳಲ್ಲಿ ಸಹಪಾಠಿಗಳನ್ನು ನಿಲ್ಲಿಸಿ ಅ, ಆ, ಇ, ಈ ಎಂದು ಕೂಗಿಸಬಹುದು. ಬೇಲಿಯ ಹೊರಗೆ ಕಾಯುವ ಮಕ್ಕಳಿಗೂ ಅದೊಂದು ಕೆಲಸವಾಗುತ್ತದೆ. ಅವನು ಹತ್ತಿರ ಬರುವವರೆಗೆ ಒಬ್ಬರೇ ಕೂಗಬೇಕು, ಇಬ್ಬರು ಒಟ್ಟಿಗೆ ಕೂಗಬಾರದು. ‘ಇಲ್ಲಿ’, ‘ಆ ಕಡೆ’ ಎಂಬ ಮಾತುಗಳನ್ನು ಬಿಟ್ಟು ‘ಎಡಕ್ಕೆ’, ‘ಇನ್ನು ನಾಲ್ಕು ಹೆಜ್ಜೆ’ ಎಂದು ಹೇಳುವುದನ್ನು ಶಿಕ್ಷಕರೂ ರೂಢಿಸಿಕೊಳ್ಳಬೇಕು.

ಸಹಾಯ ಹಿಂತೆಗೆಯುವುದಕ್ಕೆ ಒಂದು ಕ್ರಮವಿದೆ. ತೊಡೆಯ ಮೇಲಿನ ಕೈಯನ್ನು ಮೊದಲು ತೆಗೆಯಿರಿ, ಆದರೆ ಇಬ್ಬರೂ ಪಕ್ಕದಲ್ಲಿಯೇ ನಡೆಯಲಿ. ಅನಂತರ ಒಬ್ಬರು ಸರಿಯಲಿ. ಕುದುರೆಯನ್ನು ನಿಲ್ಲಿಸಿ, ಮಗುವಿಗೆ ತಿಳಿಸಿ, ಆಮೇಲೆ ಸರಿಯಬೇಕು. ನಡೆಸುವವರ ಹಗ್ಗ ಸಡಿಲವಾಗುತ್ತ ಹೋಗಿ, ಕುದುರೆ ಲಗಾಮಿನ ಮಾತನ್ನು ಕೇಳುತ್ತಿದೆಯೋ ಹಗ್ಗದ ಮಾತನ್ನೋ ಎಂಬುದು ಸ್ಪಷ್ಟವಾಗಬೇಕು. ಎಷ್ಟೋ ಸಲ ಮಗು ತಿರುಗಿಸಿತೆಂದು ನಾವು ಚಪ್ಪಾಳೆ ತಟ್ಟುತ್ತೇವೆ, ತಿರುಗಿಸಿದವರು ಸೈಸ್ ಆಗಿರುತ್ತಾರೆ. ಹಗ್ಗ ಬಿಚ್ಚುವುದು ಕಟ್ಟಕಡೆಯ ಹಂತ. ಹೇಳಿದ ಕೂಡಲೇ ಹೇಳಿದ ಜಾಗದಲ್ಲಿ ಕುದುರೆಯನ್ನು ನಿಲ್ಲಿಸುವುದು ಅವನಿಗೆ ಪ್ರತಿ ಬಾರಿಯೂ ಸಾಧ್ಯವಾಗುವವರೆಗೆ ಅದರ ಮಾತೇ ಬೇಡ. ಹೊಸ ಕುದುರೆ ಬಂದರೆ ಅಥವಾ ಅಂಗಳ ಬದಲಾದರೆ ಒಂದು ಹಂತ ಹಿಂದಿನಿಂದ ಆರಂಭಿಸಿ. ಪ್ರತಿ ಪಾಠದ ಕೊನೆಗೆ ಯಾವ ಸಹಾಯ ಕೊಟ್ಟಿರಿ, ಯಾವುದನ್ನು ಕೊಡದೆಯೂ ನಡೆಯಿತು ಎಂಬ ಎರಡೇ ಸಾಲನ್ನು ಸೈಸ್ ಅವರನ್ನೂ ಕೇಳಿ ಬರೆದಿಡಿ. ಮುಂದಿನ ವಾರದ ಗುರಿಯನ್ನು ಆ ಎರಡನೆಯ ಸಾಲಿನಿಂದ ಬರೆಯಬಹುದು.